ಭಿನ್ನರಾಶಿಯ ಭಾಗಾಕಾರ

ನಾಗರಬಾವಿಯ ಕಾಫಿಯಂಗಡಿಯಲ್ಲಿ ಮೂರು ಕಾಫಿಯನ್ನು 'ಬೈ-ಟೂ' ಮಾಡಿದರೆ ಆರು ಮಂದಿಗಾಗುವುದೆಂಬುದು ಯಾವ ಬಾಲಕನಿಗೆ ತಿಳಿಯದು? ಆದರೆ ಏಳನೆಯ ತರಗತಿಯಲ್ಲಿ ಮೂರನ್ನು ಅರೆಯಿಂದ ಭಾಗಿಸೆಂದರೆ ಅವನೇ ಒಂದೂವರೆ ಎಂದುಬಿಡುವನು. ಭಾಗಿಸಿದರೆ ಸಂಖ್ಯೆಯು ಕುಗ್ಗಲೇಬೇಕೆಂಬುದು ಅವನ ಭ್ರಮೆ. 'ಭಾಜಕವನ್ನು ತಲೆಕೆಳಗು ಮಾಡಿ ಗುಣಿಸು' ಎಂದು ಹಲವೆಡೆ ಉಪಾಧ್ಯಾಯರು ಹೇಳುವರು, ಏಕೆಂಬುದನ್ನು ಹೇಳರು. ಕಾರಣವರಿಯದೆ ಕಲಿತವನು ಮುಂದೆ ಬೀಜಗಣಿತದಲ್ಲಿ ಎಡವುವನು.

ಕಾರಣವು ಗಹನವಾದುದಲ್ಲ. ಲೀಟರಿನ ಎಂಟನೆಯ ಒಂದು ಭಾಗ ಹಿಡಿಯುವ ಲೋಟವಿದೆಯೆನ್ನಿ. ಒಂದು ಲೀಟರು ಹಾಲಿನಿಂದ ಅಂಥ ಎಂಟು ಲೋಟಗಳು ತುಂಬುವುವು. ಮುಕ್ಕಾಲು ಲೀಟರಿನಿಂದ ಎಂಟರ ಮುಕ್ಕಾಲು, ಎಂದರೆ ಆರು. 1/8 ಎಂಬುದು ತಲೆಕೆಳಗಾಗಿ 8 ಆದುದರ ಮರ್ಮವಿಷ್ಟೆ.

ಈ ವಿಧಿಯು ನಮಗೆ ಹೊಸದೇನೂ ಅಲ್ಲ. 628ರಲ್ಲಿ ಬ್ರಹ್ಮಗುಪ್ತನು ಇದನ್ನು ಹೇಳಿದನು. ಸುಮಾರು 850ರಲ್ಲಿ, ನಮ್ಮ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ದಲ್ಲಿ ನಿರೂಪಿಸಿದನು. ವೀಸ, ಕಾಲು, ಅರೆ, ಮುಕ್ಕಾಲುಗಳನ್ನು ಮನೆಮಾತಾಗಿಸಿಕೊಂಡ ನಾಡಿನ ಮಕ್ಕಳು ಭಿನ್ನರಾಶಿಗೆ ಅಂಜುವುದು ಅವರ ದೋಷವಲ್ಲ, ನಮ್ಮ ಬೋಧನೆಯ ದೋಷ. ಉಪಾಧ್ಯಾಯರು ಮೊದಲು ಲೋಟವನ್ನು ಮೇಜಿನ ಮೇಲಿಡಲಿ; ಸೂತ್ರವನ್ನು ಆಮೇಲೆ ಹಲಗೆಯ ಮೇಲೆ ಬರೆಯಲಿ.