ಪ್ರಬಲ ಜಾತಿ: ಐದು ಅಂಕದ ಪ್ರಶ್ನೆ

ಸಮಾಜಶಾಸ್ತ್ರದ ಯಾವುದಾದರೂ ಗೈಡ್ ತೆರೆದು ನೋಡಿ. ‘ಪ್ರಬಲ ಜಾತಿ ಎಂದರೇನು? ಅದರ ಲಕ್ಷಣಗಳನ್ನು ವಿವರಿಸಿ’ ಎಂಬ ಪ್ರಶ್ನೆ ಸಿಕ್ಕೀತು. ಉತ್ತರವೂ ಸಿದ್ಧ: ಹೆಚ್ಚಿನ ಜನಸಂಖ್ಯೆ, ಜಮೀನಿನ ಒಡೆತನ, ರಾಜಕೀಯ ಬಲ, ಜಾತಿ ಶ್ರೇಣಿಯಲ್ಲಿ ತೀರಾ ಕೆಳಗಲ್ಲದ ಸ್ಥಾನ. ನಾಲ್ಕು ಪಾಯಿಂಟ್ ಬರೆದರೆ ಐದು ಅಂಕ. ನಾನೂ ಹಾಗೇ ಬರೆದು ಪಾಸಾದವನು. ‘ನಿಮ್ಮೂರಿನಲ್ಲಿ ಆ ಜಾತಿ ಯಾವುದು, ಯಾಕೆ?’ ಎಂದು ಮಾತ್ರ ನನ್ನನ್ನು ಯಾರೂ ಕೇಳಲಿಲ್ಲ.

ಈ ಪರಿಕಲ್ಪನೆ ಎಲ್ಲಿಂದಲೋ ಬಂದದ್ದಲ್ಲ. ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಉಳಿದು ಅಧ್ಯಯನ ಮಾಡಿದರು. ಬರಹದಲ್ಲಿ ಅದನ್ನು ‘ರಾಮಪುರ’ ಎಂದು ಕರೆದರು. ವರ್ಣದ ಲೆಕ್ಕದಲ್ಲಿ ಬ್ರಾಹ್ಮಣರು ಮೇಲೆ. ಆದರೆ ಊರಿನ ವ್ಯಾಜ್ಯ ತೀರಿಸುತ್ತಿದ್ದವರು ಜಮೀನುಳ್ಳ ಒಕ್ಕಲಿಗ ಮುಖಂಡರು. ಶಾಸ್ತ್ರ ಹೇಳುವುದೇ ಒಂದು, ಊರು ನಡೆಯುವುದೇ ಇನ್ನೊಂದು ಏಕೆ? ಈ ಪ್ರಶ್ನೆಯ ಬೆನ್ನು ಹತ್ತಿದಾಗ ಸಿಕ್ಕದ್ದು ‘ಪ್ರಬಲ ಜಾತಿ’. ನಾವು ಪ್ರಶ್ನೆಯನ್ನು ಎಸೆದು ಉತ್ತರವನ್ನಷ್ಟೇ ಬಾಯಿಪಾಠ ಮಾಡಿಸುತ್ತಿದ್ದೇವೆ.

‘ತರಗತಿಯಲ್ಲಿ ಜಾತಿಯ ಮಾತೆತ್ತಿದರೆ ಗಲಾಟೆಯಾಗುತ್ತದೆ’ ಎನ್ನುವ ಮೇಷ್ಟ್ರುಗಳಿದ್ದಾರೆ. ಅವರ ಭಯ ಸುಳ್ಳಲ್ಲ. ಆದರೆ ಜಾತಿ ನಮ್ಮ ಅಪ್ಪಣೆ ಕೇಳಿ ತರಗತಿಗೆ ಬರುವುದಿಲ್ಲ. ಯಾರ ಗದ್ದೆಗೆ ಯಾರ ಅಮ್ಮ ಕೂಲಿಗೆ ಹೋಗುತ್ತಾಳೆ ಎಂಬುದು ಬೆಂಚಿನಲ್ಲಿ ಕೂತವರಿಗೆ ಮೊದಲೇ ಗೊತ್ತು. ಗೊತ್ತಿರುವುದನ್ನು ಬಿಡಿಸಿ ನೋಡುವ ಸಾಧನವನ್ನು ಕೊಡದೆ, ಅದರ ವ್ಯಾಖ್ಯೆಯನ್ನಷ್ಟೇ ಕೊಟ್ಟರೆ ಲಾಭ ಯಾರಿಗೆ? ಊರಿನ ಯಜಮಾನರಿಗೆ.

ಹಾಗೆಂದು ಶ್ರೀನಿವಾಸರ ಮಾತೇ ಕೊನೆಯದಲ್ಲ. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿ ಬಿದ್ದು ಅವರ ಟಿಪ್ಪಣಿಗಳು ಹಾಳಾದವು. ಬಳಿಕ ಹೆಚ್ಚಾಗಿ ನೆನಪಿನಿಂದಲೇ ಬರೆದು 1976ರಲ್ಲಿ ಪ್ರಕಟಿಸಿದ ‘ದಿ ರಿಮೆಂಬರ್ಡ್ ವಿಲೇಜ್’ನಲ್ಲಿ, ತಾವು ಊರನ್ನು ಕಂಡದ್ದು ಮೇಲ್ಜಾತಿಯ ಕಣ್ಣಿನಿಂದ ಎಂದು ಅವರೇ ಒಪ್ಪಿಕೊಂಡರು. ಅವರು ಬಿಡಾರ ಹೂಡಿದ್ದೂ ಊರ ಪಟೇಲರಿಗೆ ಸೇರಿದ ಮನೆಯಲ್ಲಿ. ದಲಿತ ಕೇರಿಯಲ್ಲಿ ಬಿಡಾರ ಹೂಡಿದ್ದರೆ ರಾಮಪುರ ಹೇಗೆ ಕಾಣುತ್ತಿತ್ತು? ನಾಲ್ಕು ಪಾಯಿಂಟ್‌ನ ಉತ್ತರದಲ್ಲಿ ಈ ಪ್ರಶ್ನೆಗೂ ಜಾಗವಿಲ್ಲ.

ಸಿಲಬಸ್ ಬದಲಾಗುವವರೆಗೆ ಕಾಯಬೇಕಿಲ್ಲ. ಈ ವಾರಾಂತ್ಯ ಊರಿಗೆ ಹೋಗುವ ವಿದ್ಯಾರ್ಥಿ ಮೂರು ಸಂಗತಿ ಬರೆದುಕೊಂಡು ಬರಲಿ: ಕಾಲುವೆ ನೀರು ಮೊದಲು ಹರಿಯುವುದು ಯಾರ ಹೊಲಕ್ಕೆ, ಜಗಳವಾದರೆ ಜನ ಯಾರ ಜಗಲಿಗೆ ಹೋಗುತ್ತಾರೆ, ಅಲ್ಲಿ ನಿಂತೇ ಇರುವವರು ಯಾರು. ವ್ಯಾಖ್ಯೆಯನ್ನು ಆಮೇಲೆ ಓದೋಣ.