ಬೂಷ್ಟಿನ ಮೇಲೆ ಬಣ್ಣ ಬಳಿಯಬೇಡಿ

ಮಳೆ ಹಿಡಿದು ಹದಿನೈದು ದಿನವಾಯಿತೆಂದರೆ ಶಿವಮೊಗ್ಗ ಜಿಲ್ಲೆಯ ಮಲೆನಾಡ ಕಡೆ ಗೋಡೆಗಳ ಬಣ್ಣವೇ ಬದಲಾಗುತ್ತದೆ. ಕಪಾಟಿನ ಹಿಂದೆ ಕಪ್ಪು ಚುಕ್ಕೆ, ಮೂಲೆಯಲ್ಲಿ ಹಸಿರು ಪಾಚಿ, ಹೆಗಲಿಗೇರಿಸಿದ ಅಂಗಿಗೂ ಅದೇ ಮುಗ್ಗಲು ವಾಸನೆ. ಬಸ್ಸಿನಲ್ಲಿ ಪಕ್ಕ ಕೂತವರಿಗೂ ಗೊತ್ತಾಗುತ್ತದೆ!

ಆಗುಂಬೆಯಲ್ಲಿ ವರ್ಷಕ್ಕೆ 7 ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಸೀಮೆ ನಮ್ಮದು. ಥಂಡಿ ಹೊಸದಲ್ಲ, ಹೊಸದು ನಾವು ಕಟ್ಟುವ ಮನೆ. ಹಳೆಯ ಹಂಚಿನ ಮನೆಯ ಸೂರು ಗೋಡೆ ದಾಟಿ ಚಾಚಿರುತ್ತಿತ್ತು, ಹಂಚಿನ ಸಂದಿಯಲ್ಲಿ ಗಾಳಿ ಆಡುತ್ತಿತ್ತು. ಈಗಿನ ಆರ್‌ಸಿಸಿ ಮನೆಯ ಗೋಡೆ ಬಯಲಲ್ಲಿ ನಿಂತು ನೆನೆಯುತ್ತದೆ, ಒಳಗೆ ಕಿಟಕಿ ಮುಚ್ಚಿರುತ್ತದೆ. ಬೂಷ್ಟಿಗೆ ಇನ್ನೇನು ಬೇಕು?

ಬಾಡಿಗೆದಾರ ದೂರಿದರೆ ಮಾಲೀಕರ ಉತ್ತರ ಒಂದೇ: "ಹಬ್ಬಕ್ಕೆ ಬಣ್ಣ ಹೊಡೆಸಿ ಕೊಡ್ತೀನಿ ಬಿಡ್ರೀ." ಹೊಡೆಸುತ್ತಾರೆ, ಸುಳ್ಳಲ್ಲ. ದೀಪಾವಳಿಗೆ ಬಳಿದ ಬಣ್ಣ ಮುಂದಿನ ಮಳೆಗೆ ಹಪ್ಪಳದ ಹಾಗೆ ಏಳುತ್ತದೆ. ನೀರು ಎಲ್ಲಿಂದ ಬರುತ್ತಿದೆ ಎಂದು ನೋಡಿದವರು ಯಾರು? ನೆಲದಿಂದ ಎರಡು ಮೂರಡಿವರೆಗೆ ಮಾತ್ರ ಒದ್ದೆಯಿದ್ದರೆ ಅದು ಬಹುಶಃ ಅಡಿಪಾಯದಿಂದ ಏರಿದ ತೇವ. ಮೇಲಿನಿಂದ ಇಳಿದಿದ್ದರೆ ತಾರಸಿ ಹತ್ತಿ ನೋಡಿ, ನೀರು ಹೋಗುವ ಪೈಪಿನ ಬಾಯಿಗೆ ಕಸ ಕಟ್ಟಿರಬಹುದು. ಬೇಸಿಗೆಯಲ್ಲೂ ಆರದ ಗೋಡೆಯಾದರೆ ಒಳಗಿನ ನಲ್ಲಿ ಪೈಪಿನ ಮೇಲೇ ಅನುಮಾನ.

ಇನ್ನು ತೊಳೆಯುವ ಸಾಹಸ. ಸಿಕ್ಕಿದ್ದನ್ನೆಲ್ಲ ಕಲಸಿ ಉಜ್ಜುವವರಿದ್ದಾರೆ. ಬ್ಲೀಚಿಂಗ್ ಪುಡಿಗೆ ಕಕ್ಕಸು ತೊಳೆಯುವ ಆಸಿಡ್ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ ಮಾರಾಯರೇ! 1915ರಲ್ಲಿ ಬೆಲ್ಜಿಯಂನ ಯುದ್ಧಭೂಮಿಯಲ್ಲಿ ಜರ್ಮನ್ ಸೇನೆ ಶತ್ರುಗಳ ಮೇಲೆ ಬಿಟ್ಟಿದ್ದು ಇದೇ ಅನಿಲ. ಅದನ್ನು ಬಚ್ಚಲಮನೆಯ ಬಾಗಿಲು ಹಾಕಿಕೊಂಡು ನಾವೇ ತಯಾರಿಸುವುದೇ? ಚಿಕ್ಕ ಜಾಗಕ್ಕೆ ಸೋಪಿನ ನೀರು ಸಾಕು. ಕಿಟಕಿ ತೆರೆದು, ಮಾಸ್ಕ್ ಹಾಕಿಕೊಂಡು, ಒದ್ದೆ ಬಟ್ಟೆಯಿಂದ ಒರೆಸಿ. ಒಣ ಪೊರಕೆಯಿಂದ ಕೆರೆದರೆ ಬೂಷ್ಟಿನ ಪುಡಿ ಮನೆಯೆಲ್ಲ ಹಾರುತ್ತದೆ. ದಮ್ಮಿನವರು, ಮಕ್ಕಳು ಆಗ ಆ ಕೋಣೆಯಲ್ಲಿ ಇರಬಾರದು. ಒದ್ದೆ ಗೋಡೆಯಲ್ಲೇ ಸ್ವಿಚ್‌ಬೋರ್ಡ್ ಇದ್ದರೆ ಮೊದಲು ಮೇನ್ ಆಫ್ ಮಾಡಿ. ಗೋಡೆ ಮುಟ್ಟಿದರೆ ಜುಂ ಅನ್ನುತ್ತದೆಂದು ನಗುತ್ತ ಹೇಳುವವರಿದ್ದಾರೆ, ಅದು ನಗುವ ಮಾತಲ್ಲ. ಎಲೆಕ್ಟ್ರಿಷಿಯನ್‌ನನ್ನು ಅವತ್ತೇ ಕರೆಸಿ.

ಕೋಣೆ ಒಣಗಲೆಂದು ಕೆಂಡದ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಹಾಕಿ ಮಲಗುವುದಂತೂ ಬೇಡವೇ ಬೇಡ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ. ಮಲಗಿದವರು ಏಳದೇ ಹೋಗಬಹುದು.

ಅಂಗಡಿಯವರಿಗೆ ಒಂದು ಮಾತು. ಅಕ್ಕಿ ಮೂಟೆ, ಬಟ್ಟೆ ಥಾನು ಗೋಡೆಗೆ ಒತ್ತಿ ಇಡಬೇಡಿ. ಗೇಣು ಜಾಗ ಬಿಟ್ಟು ಹಲಗೆಯ ಮೇಲಿಡಿ, ಗಾಳಿ ಆಡಲಿ.

ಮಳೆ ನಿಂತ ಮೇಲೂ ನೆನೆದ ಗೋಡೆ ಒಣಗಲು ವಾರಗಳೇ ಬೇಕು, ಕೆಲವಕ್ಕೆ ತಿಂಗಳುಗಳು. ಆದ್ದರಿಂದ ಮಾಲೀಕರೇ, ಈ ಸಲ ಪೇಂಟರಿಗಿಂತ ಮೊದಲು ಗಾರೆಯವನನ್ನು ಕರೆಸಿ. ಬಾಡಿಗೆದಾರರೂ ಅಷ್ಟೇ, ಬಣ್ಣ ಕೇಳಬೇಡಿ, ರಿಪೇರಿ ಕೇಳಿ.