ಸ್ನ್ಯಾಪ್‌ಶಾಟ್‌ಗೂ ಮುಂಚೆ ಕಾಳು-ಜೊಳ್ಳು ಬೇರೆ ಮಾಡಿ

ಇವತ್ತು ಸ್ವಲ್ಪ ಗಣಕದ ಮಾತು. ಲಿನಕ್ಸ್ ಬಳಸೋರಿಗೆ ನೇರವಾಗಿ, ಉಳಿದೋರಿಗೆ ತತ್ವದ ಮಟ್ಟಿಗೆ :-)

‘ನಂದು ದಿನಾ ತಾನಾಗೇ ಸ್ನ್ಯಾಪ್‌ಶಾಟ್ ಆಗುತ್ತೆ, ಬ್ಯಾಕಪ್ ಚಿಂತೆ ಇಲ್ಲ’ ಅನ್ನೋರು ಈಗೀಗ ಜಾಸ್ತಿ ಆಗಿದ್ದಾರೆ. ಯಾವುದರ ಸ್ನ್ಯಾಪ್‌ಶಾಟ್ ಅಂತ ಒಮ್ಮೆ ನೋಡಿಕೊಳ್ಳಿ. ಟೈಮ್‌ಶಿಫ್ಟ್ ಹಾಕಿಕೊಂಡ್ರೆ ಅದು ಹೋಮ್ ಡೈರೆಕ್ಟರಿಯನ್ನ ಮೊದಲಿಂದಲೇ ಬಿಟ್ಟಿರುತ್ತೆ. ಓಪನ್‌ಸೂಸೆ ಜೊತೆ ಬರೋ ಸ್ನ್ಯಾಪರ್ ಕೂಡ ಅಷ್ಟೇ, ಸಿಸ್ಟಮ್ಮಿನದ್ದು ಮಾತ್ರ ತೆಗೆಯುತ್ತೆ. ಅದಕ್ಕೆ ಕಾರಣ ಇದೆ. ಅಪ್‌ಡೇಟ್ ಕೆಟ್ಟು ನಿನ್ನೆಯ ಸಿಸ್ಟಮ್ಮಿಗೆ ಹಿಂದೆ ಹೋದಾಗ, ಇವತ್ತು ಬರೆದ ಲೇಖನ ಹಾರಿಹೋಗಬಾರದಲ್ಲ. ಆದರೆ ಇದರಿಂದ ಆಗಿರೋದೇನು? ಇಂಟರ್‌ನೆಟ್ಟಿಂದ ಮತ್ತೆ ಇಳಿಸಿಕೊಳ್ಳಬಹುದಾದ್ದಕ್ಕೆ ಕಾವಲಿದೆ, ಮತ್ತೆಲ್ಲೂ ಸಿಗದ ನಮ್ಮ ಬರಹಕ್ಕೆ ಇಲ್ಲ!

ಹಾಗಂತ ಹೋಮ್ ಡೈರೆಕ್ಟರಿಯನ್ನ ಇಡಿಯಾಗಿ ಸ್ನ್ಯಾಪ್‌ಶಾಟ್ ತೆಗೆಯೋದೂ ನನ್ನ ಪ್ರಕಾರ ಸರಿಯಲ್ಲ. ಬಿಟಿಆರ್‌ಎಫ್‌ಎಸ್‌ನಲ್ಲಿ ಸ್ನ್ಯಾಪ್‌ಶಾಟ್ ಕ್ಷಣಾರ್ಧದಲ್ಲಿ ಆಗುತ್ತೆ, ಆ ಹೊತ್ತಿಗೆ ಜಾಗವನ್ನೂ ಹೆಚ್ಚುಕಮ್ಮಿ ತಿನ್ನಲ್ಲ. ಆದರೆ 4 ಜಿಬಿಯ ಒಂದು ಸಿನಿಮಾ ಇಳಿಸಿ, ನೋಡಿ, ಅಳಿಸಿದ್ರಿ ಅನ್ನಿ. ನಡುವೆ ಒಂದು ಸ್ನ್ಯಾಪ್‌ಶಾಟ್ ಆಗಿದ್ರೆ, ಅದನ್ನ ಅಳಿಸೋ ತನಕ ಆ 4 ಜಿಬಿ ವಾಪಸ್ ಬರಲ್ಲ. ಬ್ರೌಸರಿನ ಕ್ಯಾಶ್‌ನದ್ದೂ ಇದೇ ಕಥೆ. ಡಿಸ್ಕ್ ತುಂಬುತ್ತೆ, ಬೇಜಾರಾಗಿ ಸ್ನ್ಯಾಪ್‌ಶಾಟನ್ನೇ ನಿಲ್ಲಿಸಿಬಿಡ್ತೀವಿ.

ನಮ್ಮ ಸಿರುಗುಪ್ಪದ ಕಡೆ ಭತ್ತ ಬೆಳೆಯೋರು ಬಿತ್ತನೆಗೆ ಅಂತ ಬೀಜ ಎತ್ತಿಡುವಾಗ ಹುಲ್ಲು, ಹೊಟ್ಟು ಎಲ್ಲಾ ಸೇರಿಸಿ ಮೂಟೆ ಕಟ್ಟೋದಿಲ್ಲ. ನಾವೂ ಅಷ್ಟೇ ಮಾಡಬೇಕು.

ಬಿಟಿಆರ್‌ಎಫ್‌ಎಸ್‌ನಲ್ಲಿ ಇದು ಸುಲಭ. ಒಂದು ಸಬ್‌ವಾಲ್ಯೂಮಿನ ಸ್ನ್ಯಾಪ್‌ಶಾಟ್ ತೆಗೆದಾಗ ಅದರೊಳಗಿನ ಬೇರೆ ಸಬ್‌ವಾಲ್ಯೂಮುಗಳು ಸೇರಲ್ಲ, ಅಲ್ಲಿ ಖಾಲಿ ಫೋಲ್ಡರ್ ಕಾಣುತ್ತೆ ಅಷ್ಟೇ. ಕ್ಯಾಶ್ ಮತ್ತು ಡೌನ್‌ಲೋಡ್ಸ್ ಎರಡನ್ನೂ ಪ್ರತ್ಯೇಕ ಸಬ್‌ವಾಲ್ಯೂಮ್ ಮಾಡಿಬಿಟ್ರೆ ಜೊಳ್ಳು ತಾನಾಗೇ ಹೊರಗೆ. ಉಬುಂಟು ಬಳಸೋರದ್ದು ಸಾಮಾನ್ಯವಾಗಿ ಇಎಕ್ಸ್‌ಟಿ4, ಅದರಲ್ಲೇ ಸ್ನ್ಯಾಪ್‌ಶಾಟ್ ಸೌಲಭ್ಯ ಇಲ್ಲ. ಅವರಿಗೆ ಆರ್‌ಸ್ನ್ಯಾಪ್‌ಶಾಟ್ ಇದೆ. ಬದಲಾಗದ ಫೈಲಿಗೆ ಹಾರ್ಡ್‌ಲಿಂಕ್ ಕೊಟ್ಟು, ಬದಲಾದದ್ದನ್ನ ಮಾತ್ರ ಹೊಸದಾಗಿ ನಕಲು ಮಾಡುತ್ತೆ, ಏನೇನು ಬೇಡ ಅನ್ನೋ ಪಟ್ಟಿಯನ್ನೂ ಕೊಡಬಹುದು. ಸಾಮಾನ್ಯ ಪೆನ್‌ಡ್ರೈವ್‌ಗಳ ಫ್ಯಾಟ್32ರಲ್ಲಿ ಹಾರ್ಡ್‌ಲಿಂಕ್ ಇಲ್ಲ, ಹಾಗಾಗಿ ಲಿನಕ್ಸ್ ಫೈಲ್‌ಸಿಸ್ಟಮ್ ಇರೋ ಡಿಸ್ಕೇ ಬೇಕು.

ಆದರೆ ‘ಡಾಕ್ಯುಮೆಂಟ್ಸ್ ಒಂದಿದ್ರೆ ಸಾಕು’ ಅನ್ನಬೇಡಿ. ಲಿಬ್ರೆಆಫೀಸ್ ಕೆಂಪು ಗೆರೆ ಎಳೆದಾಗಲೆಲ್ಲ ನೀವು ಒಂದೊಂದಾಗಿ ಸೇರಿಸಿದ ಕನ್ನಡ ಪದಗಳ ಪಟ್ಟಿ ಇರೋದು ಅಡಗಿರೋ ಕಾನ್ಫಿಗ್ ಫೋಲ್ಡರಿನಲ್ಲಿ. ಫೈರ್‌ಫಾಕ್ಸಿನ ಬುಕ್‌ಮಾರ್ಕ್‌ಗಳೂ ಅಂಥದ್ದೇ ಒಂದು ಜಾಗದಲ್ಲಿ. ಜೊಳ್ಳಿನಂತೆ ಕಂಡರೂ ಇವು ಕಾಳೇ. ನುಡಿ, ಬರಹದ ಕಾಲದ ಹಳೇ ಫೈಲುಗಳಿದ್ರೆ ಅವುಗಳ ಫಾಂಟ್, ಕನ್ವರ್ಟರ್ ಕೂಡ ಜೊತೆಗಿರಲಿ. ಓದೋಕಾಗದ ಫೈಲನ್ನ ಉಳಿಸಿ ಏನು ಪ್ರಯೋಜನ?

ಕನ್ನಡದವರಿಗೇ ಅಂತ ಇನ್ನೊಂದು ತೊಡಕಿದೆ. ಈ ಫೈಲ್‌ಸಿಸ್ಟಮ್‌ಗಳಲ್ಲಿ ಫೈಲಿನ ಹೆಸರಿಗೆ 255 ಬೈಟ್ ಮಿತಿ. ಯೂನಿಕೋಡಿನ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ‘ಬಳ್ಳಾರಿ’ ನಮ್ಮ ಕಣ್ಣಿಗೆ ಮೂರಕ್ಷರ, ಗಣಕಕ್ಕೆ 7 ಚಿಹ್ನೆ, 21 ಬೈಟ್! ಒಟ್ಟು 85 ಚಿಹ್ನೆ ದಾಟಿದ್ರೆ ಹೆಸರು ಹಿಡಿಸಲ್ಲ. ವಿಂಡೋಸ್ ಈ ಲೆಕ್ಕವನ್ನ ಬೇರೆ ಥರ ಮಾಡೋದ್ರಿಂದ ಅಲ್ಲಿ ಸಲೀಸಾಗಿದ್ದ ಉದ್ದನೆಯ ಶೀರ್ಷಿಕೆಯ ಫೈಲು ಇಲ್ಲಿಗೆ ನಕಲಾಗದೆ ಉಳಿದುಬಿಡುತ್ತೆ. ಬ್ಯಾಕಪ್ ಮುಗಿದ ಮೇಲೆ ದೋಷಗಳ ಪಟ್ಟಿ ಓದೋ ಅಭ್ಯಾಸ ಇಟ್ಟುಕೊಳ್ಳಿ.

ಕೊನೆಗೆ ಮುಖ್ಯ ಮಾತು. ಅದೇ ಡಿಸ್ಕಿನಲ್ಲಿರೋ ಸ್ನ್ಯಾಪ್‌ಶಾಟ್ ಬ್ಯಾಕಪ್ ಅಲ್ಲ. ಕೈತಪ್ಪಿ ಅಳಿಸಿದ್ದನ್ನ ಅದು ವಾಪಸ್ ಕೊಡುತ್ತೆ, ಡಿಸ್ಕೇ ಹೋದ್ರೆ ಎರಡೂ ಹೋದವು. 2009ರ ಅಕ್ಟೋಬರ್ ಶುರುವಿನಲ್ಲಿ ನೆರೆ ಬಂದು ಸಿರುಗುಪ್ಪ ತಾಲ್ಲೂಕಿನ ಹಳ್ಳಿಗಳು ಮುಳುಗಿದ್ದು ನೆನಪಿದೆಯಲ್ಲ? ಮನೆಗೆ ನೀರು ನುಗ್ಗಿದ್ರೆ ಗಣಕ, ಪಕ್ಕದ ಕಪಾಟಿನ ಡಿಸ್ಕು ಎರಡೂ ನೀರಲ್ಲೇ. ಅದೇ ತಿಂಗಳ ಕೊನೆಗೆ ಯಾಹೂ ತನ್ನ ಜಿಯೋಸಿಟೀಸನ್ನ ಜಪಾನ್ ಒಂದು ಬಿಟ್ಟು ಮುಚ್ಚಿಹಾಕಿತು. ಅಂದ್ರೆ ಬಿಟ್ಟಿ ಜಾಗದಲ್ಲಿ ಪ್ರಕಟಿಸಿದ್ದೀನಿ, ಅದೇ ನನ್ನ ಬ್ಯಾಕಪ್ಪು ಅನ್ನೋದೂ ನಡೆಯಲ್ಲ.

ಕುರುಗೋಡಿನ ಸಿಂದರ ಶಾಸನಗಳನ್ನೇ ನೋಡಿ. ಕಲ್ಲಿನಷ್ಟು ಗಟ್ಟಿ ಮಾಧ್ಯಮ ಇನ್ನೊಂದಿಲ್ಲ, ಆದರೂ ವಿದ್ವಾಂಸರು ಅವುಗಳ ಪಾಠವನ್ನ ಓದಿ ಪುಸ್ತಕದಲ್ಲಿ ಅಚ್ಚು ಹಾಕಿಸಿದ್ರು. ಕಲ್ಲು ಸವೆದರೂ ಪಾಠ ಬೇರೆ ಊರುಗಳ ಗ್ರಂಥಾಲಯಗಳಲ್ಲಿ ಉಳಿಯುತ್ತೆ. ನಮಗೂ ಇದೇ ಬುದ್ಧಿ ಬೇಕು. ಬಿಟಿಆರ್‌ಎಫ್‌ಎಸ್‌ನ ಓದಲು-ಮಾತ್ರ ಸ್ನ್ಯಾಪ್‌ಶಾಟನ್ನ ಇನ್ನೊಂದು ಬಿಟಿಆರ್‌ಎಫ್‌ಎಸ್ ಡಿಸ್ಕಿಗೆ ಕಳಿಸಬಹುದು, ಮುಂದಿನ ಸಲ ವ್ಯತ್ಯಾಸ ಮಾತ್ರ ಹೋದರೆ ಸಾಕು. ಅಂಥ ಒಂದು ಡಿಸ್ಕು ಬಳ್ಳಾರಿಯಲ್ಲಿದ್ರೆ ಇನ್ನೊಂದು ಕುರುಗೋಡಿನ ಅಕ್ಕನ ಮನೇಲಿರಲಿ. ಹಬ್ಬಕ್ಕೆ ಹೋದಾಗ ಅದಲು-ಬದಲು!

ಆರಿಸಿ, ಸ್ನ್ಯಾಪ್‌ಶಾಟ್ ತೆಗೆದು, ಬೇರೆ ಊರಿಗೆ ಕಳಿಸಿ. ಆಗಾಗ ಒಂದು ಫೈಲನ್ನ ವಾಪಸ್ ತೆಗೆದೂ ನೋಡಿ. ನಿಮ್ಮ ಹೋಮ್ ಡೈರೆಕ್ಟರಿಯಲ್ಲಿ ಕಾಳೆಷ್ಟು, ಜೊಳ್ಳೆಷ್ಟು... ಏನಂತೀರಾ?